ದೊಡ್ಡಕ್ಕನ ನೆತ್ತಿಗೆ ಹಚ್ಚಿದ ಎಣ್ಣೆ

ಹೋದ ಶನಿವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಕೂತಿದ್ದ ಮೊಮ್ಮಗಳು ಕೇಳಿದಳು, "ಅಜ್ಜಿ, ಎಣ್ಣೆ ಹಚ್ಚೋ ಮೊದ್ಲು ನೀನ್ಯಾಕೆ ಪ್ರತಿ ಸಲ ಬಾಗಿಲ ಕಡೆ ನೋಡ್ತೀಯ?"

"ಕೋಳಿ ಒಳಗೆ ಬಂತೇನೋ ಅಂತ" ಎಂದೆ. ಅವಳು ನಂಬಿದಳು. ಸುಳ್ಳು ಹೇಳುವುದು ನನ್ನಂಥವರಿಗೆ ಸುಲಭ, ಯಾಕೆಂದರೆ ಸುಳ್ಳು ಚಿಕ್ಕದಾಗಿರುತ್ತದೆ. ನಿಜ ಹೇಳಬೇಕಾದರೆ ತುಂಬ ಮಾತಾಡಬೇಕು. ಬಾಯಲ್ಲಿ ಆಗದ್ದು ಕೈಯಲ್ಲಿ ಆದೀತೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯವರೆಗೆ. ಮನೆಯಲ್ಲಿ ಆಡುವುದು ಕೊಂಕಣಿಯಾದರೂ ಬರೆಯಲು ಬರುವುದು ಕನ್ನಡ ಒಂದೇ. ಮೊಮ್ಮಕ್ಕಳೇ, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಿಮ್ಮ ಅಜ್ಜ ಹೊಂಗಡಹಳ್ಳದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸ್ಟೋರಿನ ಬೀಗ, ಗೊಬ್ಬರ ಎಲ್ಲ ಅವರ ಜವಾಬ್ದಾರಿ. ಅವರ ಹಿರಿಯರು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು, ನನ್ನ ಹಿರಿಯರೂ ಹಾಗೆಯೇ. ಕೆಲಸ ಬಿಟ್ಟ ಮೇಲೆ ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗಿರುವ ಈ ಮನೆಯನ್ನೂ ಹಿತ್ತಿಲಿನ ತುಂಡು ಕಾಫಿಯನ್ನೂ ತಗೊಂಡರು. ಈ ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಉಳಿದ ನಮ್ಮವರು ಅಲ್ಲೊಬ್ಬರು ಇಲ್ಲೊಬ್ಬರು ಎಸ್ಟೇಟುಗಳಲ್ಲಿ ಚದುರಿದ್ದರು. ಎಲ್ಲರಿಗೂ ಸೇರಿ ಗುಡ್ಡದ ಮೇಲೆ ಒಂದು ಸಣ್ಣ ಇಗರ್ಜಿ. ತಿಂಗಳಿಗೊಂದು ಭಾನುವಾರ ಪಾದ್ರಿಗಳು ಬಂದು ಪೂಜೆ ಮಾಡುತ್ತಿದ್ದರು. ಮಿಕ್ಕ ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಹೇಳಿಕೊಡಲು ಯಾರೂ ಇರಲಿಲ್ಲ. ಅಜ್ಜ ನನ್ನನ್ನು ತಂದು ನಿಲ್ಲಿಸಿದರು.

ನಾನು ಮಕ್ಕಳ ಮುಖ ನೋಡದೆ ಕಿಟಕಿ ನೋಡಿಕೊಂಡು ಪಾಠ ಹೇಳುತ್ತಿದ್ದೆ. "ಟೀಚರ್ ಕಿಟಕಿಗೆ ಕಲಿಸ್ತಾರೆ, ನಾವು ಸುಮ್ನೆ ಕೂತಿರ್ತೀವಿ" ಎಂದು ಅವು ನಗುತ್ತಿದ್ದವು. ಕ್ರೈಸ್ತರಾದವರಿಗೆ ದೇವರ ಕಡೆಗೊಂದು ಕರ್ತವ್ಯ, ನೆರೆಯವರ ಕಡೆಗೊಂದು ಕರ್ತವ್ಯ. ಹಸಿದವರಿಗೆ ಉಣ್ಣಿಸಬೇಕು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳಬೇಕು, ಸತ್ತವರನ್ನು ಮಣ್ಣು ಮಾಡಬೇಕು. ಇದನ್ನು ಹೇಳಿಕೊಡುವಾಗ ಎಸ್ಟೇಟಿನ ಆಳುಗಳ ಲೈನ್ ಮನೆಯ ಒಂದು ಹುಡುಗಿ ಕೇಳಿದಳು, "ಟೀಚರ್, ನೆರೆಯವ್ರು ಅಂದ್ರೆ ಎಲ್ಲೀ ತನ್ಕ?" ನಾನು ಕಿಟಕಿಗೆ ಉತ್ತರ ಹೇಳಿದೆ, "ಬೇಲಿ ಆಚೆ ಇರೋರು." ಅಷ್ಟೇ ನನಗೆ ಹೊಳೆದದ್ದು.

ನಮ್ಮ ಬೇಲಿಯ ಆಚೆ ಇದ್ದವಳು ದೊಡ್ಡಕ್ಕ. ಸಂಬಂಧದಲ್ಲಿ ಅಕ್ಕನಲ್ಲ. ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಒಕ್ಕಲು ಮನೆತನದ ಹೆಂಗಸು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಒಬ್ಬನೇ ಮಗ. ನಾನು ಎಷ್ಟು ಕಡಿಮೆ ಮಾತಾಡುತ್ತಿದ್ದೆನೋ ಅವಳು ಅಷ್ಟು ಹೆಚ್ಚು. "ಮುಂಡೇದೇ" ಎಂಬುದು ಅವಳ ಬಾಯಲ್ಲಿ ಬೈಗುಳವಲ್ಲ, ಉಸಿರಾಟ. ತಡವಾಗಿ ಬಂದ ಬಸ್ಸು ಮುಂಡೇದು, ಮೊಟ್ಟೆ ಇಡದ ಕೋಳಿ ಮುಂಡೇದು, ಪ್ರೀತಿ ಉಕ್ಕಿದರೆ ನಾನೂ ಮುಂಡೇದು.

"ಏನೇ ರೈಟ್ರಮ್ಮ, ನಿಮ್ ದೇವ್ರು ಭಾನ್ವಾರ ಮಾತ್ರ ಡ್ಯೂಟಿಗೆ ಬರ್ತಾನೇನೆ?"

"ದಿನಾ ಇರ್ತಾನೆ ದೊಡ್ಡಕ್ಕ."

"ಮತ್ತೆ ಪಾದ್ರಿ ತಿಂಗ್ಳಿಗೊಂದ್ ಸಲ ಬತ್ತಾನಲ್ಲ, ಅವ್ನಿಗೆ ಸಂಬ್ಳ ಮುರ್ಕಳಲ್ವಾ?"

ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ನನ್ನನ್ನು ಹಾಗೆ ನಗಿಸಿದವರು ಇನ್ನೊಬ್ಬರಿಲ್ಲ. ನಿಮ್ಮ ಅಜ್ಜನೂ ಅಲ್ಲ.

ಅಜ್ಜ ತೀರಿಕೊಂಡಾಗ ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಮ್ಮವರು ದೂರ ದೂರದಿಂದ ಬಂದು, ಮಣ್ಣು ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಅವರನ್ನು ನಾನು ದೂರುವುದಿಲ್ಲ, ಆ ದಾರಿಗೆ ಇದ್ದ ಬಸ್ಸುಗಳೇ ಕಡಿಮೆ. ಎಲ್ಲ ಹೋದ ಮೇಲೆ ದೊಡ್ಡಕ್ಕ ಅಕ್ಕಿರೊಟ್ಟಿಯನ್ನೂ ಹುರುಳಿ ಸಾರನ್ನೂ ಹೊತ್ತುಕೊಂಡು ಬೇಲಿಯ ತಡಿಕೆ ಸರಿಸಿ ಬಂದಳು.

"ತಿನ್ನೇ ಮುಂಡೇದೇ" ಎಂದವಳು ಹಾಗೇ ನಿಂತುಬಿಟ್ಟಳು. "ಅಯ್ಯೋ, ಈಗ ನಿಜ್ವಾಗ್ಲೂ ಆಗ್ಬುಟ್ಯಲ್ಲೇ" ಎಂದು ನನಗಿಂತ ಜೋರಾಗಿ ಅತ್ತಳು. ಆಮೇಲೆ ರೊಟ್ಟಿ ಮುರಿದು ನಿಮ್ಮ ಅಮ್ಮನ ಬಾಯಿಗಿಟ್ಟಳು. ನಮ್ಮ ಮನೆಯ ಒಲೆ ಮತ್ತೆ ಉರಿಯುವ ತನಕ ಅವಳ ಮನೆಯಿಂದಲೇ ಊಟ ಬಂತು. ಅವಳಿಗೆ ಯಾರೂ ದೊತೊರ್ನ್ ಹೇಳಿಕೊಟ್ಟಿರಲಿಲ್ಲ.

ಇನ್ನು ಎಣ್ಣೆಯ ವಿಷಯ. ನಿಮಗೆ ಗೊತ್ತಿರುವುದೇ. ತಲೆಗೆ ಎಣ್ಣೆ ಹಚ್ಚುವಾಗ ನಾವು ಮೊದಲು ಹೆಬ್ಬೆರಳನ್ನು ಅದ್ದಿ ನೆತ್ತಿಯ ಮೇಲೆ ಸಣ್ಣದೊಂದು ಶಿಲುಬೆ ಎಳೆಯುತ್ತೇವೆ. ಆಮೇಲೆ ಉಳಿದ ಎಣ್ಣೆ. ಎಸರಿಗೆ ಅಕ್ಕಿ ಹಾಕಿದರೂ ಸೌಟಿನಿಂದ ಹಾಗೆಯೇ, ಹಿಟ್ಟು ನಾದಿಟ್ಟರೂ ಹಾಗೆಯೇ. ಇದನ್ನು ಯಾವ ಪಾದ್ರಿಯೂ ಕಲಿಸಿದ್ದಲ್ಲ. ನನ್ನ ಅಮ್ಮ ಮಾಡುತ್ತಿದ್ದಳು, ಅವಳ ಅಮ್ಮ ಕಡಲ ಕಡೆಯಲ್ಲಿ ಮಾಡುತ್ತಿದ್ದಳಂತೆ. ಬಾಯಲ್ಲಿ ಏನೂ ಹೇಳುವುದಿಲ್ಲ. ಅದು ಪ್ರಾರ್ಥನೆಯೋ ಕೈಯ ಚಾಳಿಯೋ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕೈ ಮಾಡುತ್ತದೆ, ಅಷ್ಟೆ.

ಒಮ್ಮೆ ನಿಮ್ಮ ಅಮ್ಮನಿಗೆ ಹಚ್ಚುವಾಗ ದೊಡ್ಡಕ್ಕ ಜಗಲಿಯಲ್ಲಿ ಕೂತಿದ್ದಳು.

"ಅದೇನೇ ಗೀಟು?"

ದೇವರ ವಿಷಯ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. "ಶೀತ ಆಗ್ದೇ ಇರ್ಲಿ ಅಂತ" ಎಂದೆ.

"ಹಂಗಾರೆ ನಂಗೂ ಎಳಿಯೇ ಒಂದ. ವರ್ಷೊಂಬತ್ ಕಾಲ ಮೂಗು ಸೋರ್ತದೆ" ಎಂದು ತಲೆ ಮುಂದೆ ಚಾಚಿದಳು. ಎಳೆದೆ. "ಥೂ, ಪೊರ್ಬುಗಳ ಎಣ್ಣೆ ಮೀನ್ ವಾಸ್ನೆ ಮಾರಾಯ್ತಿ" ಎಂದು ನಿಮ್ಮ ಅಮ್ಮನನ್ನು ನಗಿಸಿದಳು. ನಮ್ಮ ಜನರನ್ನು ಈ ಕಡೆಯವರು ಪೊರ್ಬುಗಳು ಎನ್ನುತ್ತಿದ್ದರು. ಅದರಲ್ಲಿ ಕೊಂಕೇನೂ ಇರಲಿಲ್ಲ. ಆ ಮೇಲೆ ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸಿದ ದಿನ ಅವಳೂ ಬಂದು ತಲೆ ಒಡ್ಡುವುದು ರೂಢಿಯಾಯಿತು. ಇದನ್ನು ಕಂಡವರು ನಾವು ಮೂವರೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಿಮ್ಮ ಅಮ್ಮ ನರ್ಸಿಂಗ್ ಕಲಿಯಲು ಮಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಕಾಫಿ ಹೂವು ಬಿಟ್ಟ ಸಮಯದಲ್ಲಿ ದೊಡ್ಡಕ್ಕನಿಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಿಂದ ವಾಪಸು ತಂದಾಗ ಬಲಗೈ ಬಲಗಾಲು ಸತ್ತಿದ್ದವು. ಮಾತೂ ಹೋಗಿತ್ತು. ಒಂದೇ ಒಂದು ಮಾತು ಉಳಿದಿತ್ತು, ಅದು "ಮುಂಡೇದೇ." ನೀರು ಬೇಕಾದರೂ ಅದೇ, ಮಗ್ಗುಲು ತಿರುಗಿಸು ಅನ್ನಲೂ ಅದೇ. ದನಿಯ ಏರಿಳಿತದಲ್ಲಿ ನನಗೆ ಅರ್ಥವಾಗುತ್ತಿತ್ತು.

ಮಗ ಆಳುಗಳನ್ನು ಎಸ್ಟೇಟುಗಳಿಗೆ ಕರೆದೊಯ್ಯುವ ಜೀಪು ಓಡಿಸುತ್ತಿದ್ದ. ಅದೇ ಜೀಪಿನಲ್ಲಿ ಸೊಸೆಯೂ ಕೂಲಿಗೆ ಹೋಗುತ್ತಿದ್ದಳು. ಇಬ್ಬರೂ ಹೋಗದಿದ್ದರೆ ಔಷಧಿಗೆ ದಾರಿಯಿಲ್ಲ. ಆದ್ದರಿಂದ ಹಗಲು ದೊಡ್ಡಕ್ಕನನ್ನು ನೋಡಿಕೊಳ್ಳುವ ಕೆಲಸ ನಾನು ತಗೊಂಡೆ. ಯಾರೂ ಹೇಳಲಿಲ್ಲ. ಬೆಳಿಗ್ಗೆ ಜೀಪು ಹೋದ ಸದ್ದು ಕೇಳಿದ ಮೇಲೆ ತಡಿಕೆ ಸರಿಸಿ ಹೋಗುತ್ತಿದ್ದೆ. ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು. ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆಂದು ನಿಮ್ಮ ಅಮ್ಮ ಹೇಳಿಕೊಟ್ಟಿದ್ದಳು. ಗಂಟೆಗೊಮ್ಮೆ ಎಡಕ್ಕೆ ಬಲಕ್ಕೆ ಹೊರಳಿಸಿ, ಬೆನ್ನು ಒರೆಸಿ ಪೌಡರ್ ಹಾಕುತ್ತಿದ್ದೆ. ಶನಿವಾರ ತಲೆಗೆ, ಕೈಕಾಲಿಗೆ ಎಣ್ಣೆ. ಬೇಸಗೆ ಕಳೆದು ಮಳೆಗಾಲ ಮುಗಿದು ಚಳಿ ಬಂತು. ಅವಳ ಬೆನ್ನಿನಲ್ಲಿ ಒಂದು ಗುಳ್ಳೆ ಏಳಲಿಲ್ಲ.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದರೆ ನಿಮಗೆ ವಿಚಿತ್ರ ಅನಿಸಬಹುದು. ಮಾತಿಲ್ಲದೆ ಮಾಡಬಹುದಾದ ಕರ್ತವ್ಯ ನನಗೆ ಸಿಕ್ಕಿತ್ತು. ಕಿಟಕಿಗೆ ಪಾಠ ಹೇಳುವವಳಿಗೆ ಇದಕ್ಕಿಂತ ಒಪ್ಪುವ ಕೆಲಸ ಯಾವುದು?

ಅದೇ ಕಾಲದಲ್ಲಿ ಸುತ್ತಲಿನ ಗಾಳಿ ಬೇರೆಯಾಗುತ್ತಿತ್ತು. ಮತಾಂತರ ಎಂಬ ಮಾತು ಮೊದಲು ಪೇಪರಿನಲ್ಲಿತ್ತು, ಆಮೇಲೆ ಬಸ್ಸಿನಲ್ಲಿ ಕೇಳಿಸಿತು, ಆಮೇಲೆ ಅಂಗಡಿಯಲ್ಲಿ. ಆಲೂರಿನ ಸಂತೆಯಲ್ಲಿ ಒಬ್ಬರು ನನ್ನ ಕೊರಳಿನ ಶಿಲುಬೆಯನ್ನು ನೋಡಿ ಮಾತು ನಿಲ್ಲಿಸಿದರು. ಮುಂಚೆ ಯಾರೂ ಅದನ್ನು ನೋಡುತ್ತಿರಲಿಲ್ಲ. ನಾನು ಸೆರಗು ಮೇಲೆಳೆದುಕೊಂಡೆ. ಇದೆಲ್ಲ ದೂರದ ಪೇಟೆಯ ಸಂಗತಿ, ನಮ್ಮ ಬೇಲಿಗೆ ಬರುವುದಿಲ್ಲ ಅಂದುಕೊಂಡಿದ್ದೆ.

ಕಾಫಿ ಕುಯ್ಲು ಶುರುವಾದ ಮೇಲೆ ಒಂದು ಶನಿವಾರ ಸೊಸೆಯ ಅಣ್ಣ ತಂಗಿಯನ್ನು ನೋಡಲು ಬಂದಿದ್ದ. ಅವನು ಬರುವುದು ನನಗೆ ಗೊತ್ತಿರಲಿಲ್ಲ. ನಾನು ಎಣ್ಣೆ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ದೊಡ್ಡಕ್ಕನ ನೆತ್ತಿಯ ಮೇಲೆ ಹೆಬ್ಬೆರಳು ಎಳೆಯುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಬೆಳಕಿಗೆ ಅಡ್ಡವಾಗಿ ಯಾರೋ ನಿಂತಂತಾಯಿತು.

"ಏನದು ನೀವ್ ಬರ್ದಿದ್ದು?"

"ಎಣ್ಣೆ" ಎಂದೆ.

"ಎಣ್ಣೆ ಹಚ್ಚೋರು ಹಂಗೆ ಗೀಟ್ ಹಾಕ್ತಾರೇನ್ರೀ? ಎಷ್ಟ್ ದಿನದಿಂದ ನಡೀತೈತೆ ಇದು?"

ಅವಳೇ ಕೇಳಿದ್ದಳು ಎನ್ನಬಹುದಿತ್ತು, ಅನ್ನದ ಪಾತ್ರೆಗೂ ಹೀಗೇ ಮಾಡುತ್ತೇವೆ ಎನ್ನಬಹುದಿತ್ತು. ಇವೆಲ್ಲ ಆಮೇಲೆ ಒಬ್ಬಳೇ ಕೂತಾಗ ಎಷ್ಟು ಚೆನ್ನಾಗಿ ಬಂದವು! ಆಗ ಒಂದೂ ಬರಲಿಲ್ಲ. ದೊಡ್ಡಕ್ಕ ಎಡಗೈಯಿಂದ ನನ್ನ ಸೀರೆ ಹಿಡಿದು, ಅವನ ಕಡೆ ಕಣ್ಣು ಬಿಟ್ಟು, "ಮುಂಡೇದೇ! ಮುಂಡೇದೇ!" ಎಂದು ಕೂಗಿದಳು.

"ನೋಡ್ರೀ, ಅವ್ರಿಗೇ ಬ್ಯಾಡ. ಮಾತ್ ಬರದಿದ್ರೂ ಬೈತಾವ್ರೆ ನಿಮ್ಗೆ. ಮೂಗೀ ತಲೆ ಮ್ಯಾಲೆ ಮತಾಂತರ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ?"

ನಾನು ಎದ್ದೆ. ಅವಳ ಮುಷ್ಟಿಯಿಂದ ಸೀರೆಯನ್ನು ನಾನೇ ಬಿಡಿಸಿಕೊಳ್ಳಬೇಕಾಯಿತು. ಎಣ್ಣೆ ಬಟ್ಟಲು ಅಲ್ಲೇ ಉಳಿಯಿತು.

ಸಂಜೆ ದೀಪ ಹಚ್ಚುವ ಮೊದಲೇ ಅವರ ಅಂಗಳದಲ್ಲಿ ಜನ ಸೇರಿದ್ದರು. ಕೂಗಾಟವೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಕ್ಕನ ಮಗ ಬಂದು ನಮ್ಮ ತಡಿಕೆಯ ಆಚೆಗೇ ನಿಂತ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ತಿಂದು ಬೆಳೆದವನು.

"ಚಿಕ್ಕವ್ವ, ನಾಳಿಂದ ಬರ್ಬ್ಯಾಡಿ."

"ನಾನು ಏನೂ ಮಾಡಿಲ್ಲ ಮಗ."

"ನಂಗೊತ್ತೈತೆ. ಅವ್ವನ್ನ ನೀವ್ ನೋಡ್ಕಂಡಂಗೆ ಯಾರ್ ನೋಡ್ತಾರೆ? ಆದ್ರೆ ನಾನ್ ಇಲ್ಲಿ ಬಾಳ್ಬೇಕಲ್ಲ. ನಾಳೆ ನನ್ ಜೀಪಿಗೆ ಯಾರೂ ಹತ್ತಲ್ಲ ಅಂತಾವ್ರೆ."

"ಅವಳನ್ನ ಹೊರಳಿಸೋದು ಯಾರು?"

ಅವನು ತಡಿಕೆಯನ್ನು ಎತ್ತಿ, ಗೂಟಕ್ಕೆ ಹಗ್ಗ ಸುತ್ತಿ ಕಟ್ಟಿದ. ಕಟ್ಟುವಾಗ ಮೂಗು ಒರೆಸಿಕೊಂಡ.

ಪಾದ್ರಿಗಳು ಬರುವ ಭಾನುವಾರಕ್ಕೆ ಕಾದೆ. ಪೂಜೆ ಆದ ಮೇಲೆ ಧೈರ್ಯ ಮಾಡಿ ಎಲ್ಲ ಹೇಳಿದೆ. ಅವರು ಊರಿನ ಹಿರಿಯರ ಹತ್ತಿರ ಒಂದು ಮಾತಾಡಲಿ ಎಂಬುದು ನನ್ನ ಆಸೆ. ಅವರು ಇನ್ನೂ ಎಳೆಯವರು. ಅದೇ ದಿನ ಇನ್ನೆರಡು ಕಡೆ ಪೂಜೆಗೆ ಹೋಗಬೇಕಿತ್ತು, ಬೈಕಿನ ಕೀಲಿ ಕೈಯಲ್ಲೇ ಇತ್ತು.

"ನಿಮ್ಮ ಮನಸ್ಸು ದೇವರಿಗೆ ಗೊತ್ತು" ಎಂದರು. "ಆದರೆ ಈಗ ಹೋಗಬೇಡಿ. ನಾನು ಬಂದು ಮಾತಾಡಿದರೆ ಇನ್ನೂ ಕೆಡುತ್ತದೆ. ಒಬ್ಬರಿಂದ ಎಲ್ಲರಿಗೂ ತೊಂದರೆ ಆಗಬಾರದು."

"ಹಾಗಾದರೆ ಅವಳು, ಫಾದರ್?"

"ಪ್ರಾರ್ಥನೆ ಮಾಡಿ."

ಹೊರಗೆ ಬಂದಾಗ ನಮ್ಮವರಲ್ಲೇ ಒಬ್ಬ ಹೆಂಗಸು ನನಗೆ ಕೇಳುವಂತೆ ಇನ್ನೊಬ್ಬಳಿಗೆ ಅಂದಳು, "ಬಾಯಿ ಬರಲ್ಲ ಪಾಪ, ಹೆಬ್ಬೆಟ್ಟು ಮಾತ್ರ ಸುಮ್ನಿರಲ್ಲ. ನಾಳೆ ಇಗರ್ಜಿಗೆ ಕಲ್ಲು ಬಿದ್ರೆ ಈಯಮ್ಮ ಬಂದು ಹೆಂಚು ಹೊದಿಸ್ತಾಳಾ?" ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರಿಗೂ ಮಕ್ಕಳಿದ್ದರು, ಅವರೂ ಬಾಳಬೇಕಿತ್ತು. ನೆರೆಯವರ ಕಡೆಗಿನ ಕರ್ತವ್ಯ ಎಂದು ನಾನು ಕಲಿಸುತ್ತಿದ್ದೆನಲ್ಲ, ನನ್ನ ಜೊತೆ ಪೀಠದ ಮುಂದೆ ಮಂಡಿಯೂರುವವರೂ ನೆರೆಯವರೇ. ಯಾರಿಗೆ ಮಾಡಿದರೆ ಯಾರಿಗೆ ತಪ್ಪುತ್ತದೆ ಎಂಬುದನ್ನು ದೊತೊರ್ನ್ ಹೇಳುವುದಿಲ್ಲ.

ಅಲ್ಲಿಂದಾಚೆ ಹಗಲೆಲ್ಲ ನನಗೆ ಆ ದನಿ ಕೇಳಿಸುತ್ತಿತ್ತು. ಜೀಪು ಹೋದ ಸ್ವಲ್ಪ ಹೊತ್ತಿಗೆ ಶುರು, "ಮುಂಡೇದೇ." ಮೊದಲು ಎಂದಿನಂತೆ, ಯಾಕಿನ್ನೂ ಬಂದಿಲ್ಲ ಎಂಬ ಹಾಗೆ. ಆಮೇಲೆ ಸಿಟ್ಟಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಬರೀ ದನಿ. ಸೊಸೆ ಗಂಜಿಯನ್ನು ಎಡಗೈಗೆ ಎಟಕುವಂತೆ ಇಟ್ಟು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದಳು. ಲೋಟ ಉರುಳಿದ ಸದ್ದೂ ನನಗೆ ಕೇಳುತ್ತಿತ್ತು.

ನಾನು ಬೇಲಿಯ ಹತ್ತಿರ ನಿಲ್ಲುತ್ತಿದ್ದೆ. ತಡಿಕೆಗೆ ಕಟ್ಟಿದ್ದು ಒಂದು ತುಂಡು ಹಗ್ಗ. ಬಿಚ್ಚಲು ಕಷ್ಟವೇನಿರಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಮುದುಕರು ಕೂತಿರುತ್ತಿದ್ದರು. ಅವರು ನನ್ನನ್ನು ನೋಡುತ್ತಿದ್ದರು, ನಾನು ಹಗ್ಗ ನೋಡುತ್ತಿದ್ದೆ.

ಹಾಗಾಗಿ ಕೋಳಿಗಳ ಜೊತೆ ಮಾತಾಡಲು ಶುರುಮಾಡಿದೆ. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದವಳು, ಬೇಲಿಯ ಬದಿಗೆ ನುಚ್ಚು ಎರಚಿ, ಅವಳ ಕಿಟಕಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದೆ. "ಏ ಕೋಳಿ, ಕೇಳಿದ್ಯಾ? ಮಾರನಹಳ್ಳಿ ಹತ್ರ ಲಾರಿ ಮಗುಚಿ ರಸ್ತೆ ಬಂದ್ ಆಗಿದ್ಯಂತೆ. ಏ ಕೋಳಿ, ಕೆಳಗಿನ ಗದ್ದೆಗೆ ಆನೆ ಇಳಿದು ಬಾಳೆ ಎಲ್ಲ ತುಳಿದ್ಹಾಕಿದಾವೆ. ನಾನು ಇಲ್ಲೇ ಇದೀನಿ ಕಣೇ, ಎಲ್ಲೂ ಹೋಗಿಲ್ಲ." ಒಳಗಿನಿಂದ "ಮುಂಡೇದೇ" ಎಂದು ಉತ್ತರ ಬರುತ್ತಿತ್ತು. ಕೆಲವು ದಿನ ಆ ದನಿಯಲ್ಲಿ ನಗು ಇದ್ದಂತೆ ಕೇಳಿಸುತ್ತಿತ್ತು. ಹಾಗೆ ಕೇಳಬೇಕೆಂದು ನಾನೇ ಕೇಳಿಸಿಕೊಂಡೆನೋ ಏನೋ.

ಒಂದು ಮುಂಜಾನೆ ಸೊಸೆ ಬಟ್ಟೆ ಹಿಂಡುತ್ತ, ನನ್ನ ಕಡೆ ನೋಡದೆ ಪಿಸುಗುಟ್ಟಿದಳು, "ಚಿಕ್ಕಮ್ಮ, ಬೆನ್ನು ಒಡ್ದೋಗೈತೆ. ನಂಗೊಬ್ಳಿಗೇ ಎತ್ತಕ್ಕಾಗಲ್ಲ."

"ನಾನು ಈಗಲೇ ಬರ್ತೀನಿ. ಹಿಂದಿನ ಬಾಗಿಲು ತೆಗಿ."

ಅವಳು ಸುತ್ತ ನೋಡಿದಳು. "ಬ್ಯಾಡ. ನಮ್ಮಣ್ಣಂಗೆ ಗೊತ್ತಾದ್ರೆ ನನ್ ಸಂಸಾರ ಮುಗೀತು" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಹುಣ್ಣಿಗೆ ಏನು ಹಚ್ಚಬೇಕು, ಹೇಗೆ ದಿಂಬು ಕೊಡಬೇಕು ಎಂದು ಆ ದಿನ ಕೋಳಿಗಳಿಗೆ ಹೇಳಿದೆ. ಸೊಸೆ ಆಗಲೇ ಜೀಪು ಹತ್ತಿ ಹೋಗಿದ್ದಳು.

ಚಳಿ ಹೆಚ್ಚಾದಂತೆ ಉತ್ತರ ಕಡಿಮೆಯಾಯಿತು. ಗಾಳಿ ಈ ಕಡೆ ತಿರುಗಿದರೆ ವಾಸನೆ ಬರುತ್ತಿತ್ತು. ನಾನು ಹೇಳುವುದನ್ನು ನಿಲ್ಲಿಸಲಿಲ್ಲ. ಕೊನೆಕೊನೆಗೆ ಹೇಳಲು ಸುದ್ದಿಯೇ ಇರಲಿಲ್ಲ, ಸುಳ್ಳು ಸುದ್ದಿ ಕಟ್ಟಿ ಹೇಳುತ್ತಿದ್ದೆ. ದೇವರಿಗೂ ಅಷ್ಟೇ ಗಟ್ಟಿಯಾಗಿ ಕೇಳಿಕೊಂಡೆ. ಅವಳು ಎದ್ದು ಓಡಾಡಲಿ ಎಂದಲ್ಲ. ಆ ಹಗ್ಗ ಯಾರಾದರೂ ಬಿಚ್ಚಲಿ ಎಂದು. ಕುಯ್ಲು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಜೀಪಿನ ಸದ್ದು ಕೇಳಲಿಲ್ಲ, ಅವರ ಅಂಗಳದಲ್ಲಿ ಬೆಂಕಿ ಹಾಕಿದ್ದು ಕಂಡಿತು. ಆಗ ತಿಳಿಯಿತು.

ಹೆಣ ತೊಳೆಯಲು ನನ್ನನ್ನು ಕರೆಯಲಿಲ್ಲ. ನಾನು ಅಕ್ಕಿ ನೆನೆಸಿ, ರುಬ್ಬಿ, ರೊಟ್ಟಿ ತಟ್ಟಿದೆ. ಸಾವಿನ ಮನೆಗೆ ಒಲೆಯಿರುವುದಿಲ್ಲವಲ್ಲ. ರೊಟ್ಟಿ ಬುಟ್ಟಿ ಹಿಡಿದು ತಡಿಕೆಯ ಹತ್ತಿರ ನಿಂತೆ. ಯಾರೋ ಒಬ್ಬರು ನೋಡಿ ತಲೆಯಲ್ಲಾಡಿಸಿದರು, ಬೇಡ ಎಂಬ ಹಾಗೆ. ಚಟ್ಟ ರಸ್ತೆಗೆ ಹೋಗುವ ತನಕ ಅಲ್ಲೇ ನಿಂತಿದ್ದೆ. ರೊಟ್ಟಿಯನ್ನು ಆಮೇಲೆ ಕೋಳಿಗಳಿಗೆ ಹಾಕಿದೆ.

ತಿಥಿ ಕಳೆದ ಮೇಲೆ ಸೊಸೆ ನನ್ನ ಎಣ್ಣೆ ಬಟ್ಟಲನ್ನು ಬೇಲಿಯ ಮೇಲಿಂದ ಕೊಟ್ಟಳು. ಬೂದಿ ಹಾಕಿ ಥಳಥಳ ತಿಕ್ಕಿದ್ದಳು. ಈ ಕಡೆ ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಒಂದು ಹಿಡಿ ಅಕ್ಕಿಯೋ ಎರಡು ಮೆಣಸಿನಕಾಯಿಯೋ ಹಾಕಿ ಕೊಡುತ್ತಾರೆ. ಅದು ಬರಿದಾಗಿತ್ತು. ಅವಳ ಕಣ್ಣಲ್ಲಿ ನೀರಿತ್ತು ಎಂಬುದನ್ನೂ ಬರೆಯಬೇಕು.

ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋದಾಗ ಇದನ್ನು ಹೇಳಲಿಲ್ಲ. ನೆತ್ತಿಗೆ ಶಿಲುಬೆ ಎಳೆದದ್ದು ಪಾಪವೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಹಗ್ಗ ಬಿಚ್ಚದಿದ್ದುದು ಪಾಪವೋ ವಿಧೇಯತೆಯೋ ಯಾರನ್ನು ಕೇಳಲಿ? ಬೇಡ ಎಂದು ಹೇಳಿದವರೇ ಪಾದ್ರಿಗಳು. ಮಕ್ಕಳು ಕಡಿಮೆಯಾದರೆಂದು ದೊತೊರ್ನ್ ನಿಂತಾಗ ನನಗೆ ದುಃಖವಾಗಲಿಲ್ಲ. ಬೇಲಿ ಆಚೆ ಇರೋರು ಎಂದು ಮತ್ತೆ ಹೇಳಬೇಕಾಗಿ ಬರಲಿಲ್ಲವಲ್ಲ.

ಮಗು, ನೀನು ಕೇಳಿದ್ದಕ್ಕೆ ಉತ್ತರ ಇಷ್ಟು. ನಿನ್ನ ತಲೆ ನಮ್ಮದೇ, ನಿನ್ನ ನೆತ್ತಿಯ ಮೇಲೆ ನಾನು ಏನು ಎಳೆದರೂ ಕೇಳುವವರಿಲ್ಲ. ಆದರೂ ಹೆಬ್ಬೆರಳು ಎಣ್ಣೆಗೆ ಅದ್ದಿದ ಕೂಡಲೇ ಕಣ್ಣು ಬಾಗಿಲಿಗೆ ಹೋಗುತ್ತದೆ. ಈಗ ಬೇಲಿ ಆಚೆ ದೊಡ್ಡಕ್ಕನ ಮೊಮ್ಮಗು ಇದೆ, ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ಸೊಸೆ ಒಬ್ಬಳೇ ಎರೆಯುವಾಗ ಅದು ಕಿರುಚಿಕೊಳ್ಳುತ್ತದೆ. ಕತ್ತು ಹಿಡಿಯುವ ಬಗೆ ಅವಳಿಗೆ ಇನ್ನೂ ಕೈಗೂಡಿಲ್ಲ ಎಂದು ಆ ಅಳುವಿನಲ್ಲೇ ತಿಳಿಯುತ್ತದೆ. ಎಣ್ಣೆ ಕಾಯಿಸಿದ ವಾಸನೆ ಇಲ್ಲಿಯ ತನಕ ಬರುತ್ತದೆ. ತಡಿಕೆಯ ಹಗ್ಗ ಎಂದೋ ಕೊಳೆತು ಬಿದ್ದುಹೋಗಿದೆ. ಯಾರೂ ಮತ್ತೆ ಕಟ್ಟಲಿಲ್ಲ, ತಡಿಕೆಯನ್ನು ಸರಿಸಲೂ ಇಲ್ಲ. ನಾನು ಅಡುಗೆಮನೆಗೆ ಹೋಗಿ ಆ ಕಡೆಯ ಕಿಟಕಿ ಮುಚ್ಚುತ್ತೇನೆ.